ಎದುರು ಪಾಳೆಯದ ಮುಖ

ನನಗಾಗ ಹನ್ನೊಂದೋ ಹನ್ನೆರಡೋ ವರ್ಷ. ರಮ್‌ಝಾನಿನ ಒಂದು ರಾತ್ರಿ ಖಾಲಾ ಮನೆಗೆ ಬಾಡಿಗೆಯ ವಿಸಿಪಿ ಬಂದಿತ್ತು. ತರಾವೀಹ್ ಮುಗಿಸಿ ಬಂದ ಗಂಡಸರು ಚಾಪೆಯ ಮೇಲೆ, ಹೆಂಗಸರು ಬಾಗಿಲ ಪರದೆಯ ಹಿಂದೆ, ಮಕ್ಕಳಾದ ನಾವು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. ಉರ್ದು ಮಾತು ಕೂಡಿಸಿದ ‘ದ ಮೆಸೇಜ್’ ಚಿತ್ರ. ಹಝ್ರತ್ ಹಂಝಾ ಪಾತ್ರದ ಆಂಥೊನಿ ಕ್ವಿನ್ ಕಾಣಿಸಿದಾಗಲೆಲ್ಲ ಮಾಮೂ “ಸುಬ್‌ಹಾನಲ್ಲಾಹ್” ಎನ್ನುತ್ತಿದ್ದರು. ಆದರೆ ನನ್ನ ಕಣ್ಣು ಅಂಟಿಕೊಂಡಿದ್ದು ಇನ್ನೊಬ್ಬನ ಮೇಲೆ. ಎತ್ತರದ ಆಳು, ಕಲ್ಲಿನಲ್ಲಿ ಕಡೆದಂಥ ಮುಖ, ಮಾತಿಗೆ ಮೊದಲು ಒಂದು ಗಳಿಗೆ ಸುಮ್ಮನೆ ನೋಡುವ ಕಣ್ಣು. ಮಕ್ಕಾದ ಸರದಾರ ಅಬೂ ಸುಫ್ಯಾನ್. ಸಿಟ್ಟಿನಲ್ಲಿ ನಾನು ಏನೋ ಒಂದು ಬೈಗುಳ ಆಡಿಬಿಟ್ಟೆ. ಪರದೆಯ ಹಿಂದಿನಿಂದ ಖಾಲಾ ಕೈ ಚಾಚಿ ತೋಳು ಚಿವುಟಿದರು. “ಹಾಗನ್ನಬಾರದು ಬೇಟಾ. ಆಮೇಲೆ ಅವರು ಸಹಾಬಿ ಆಗ್ತಾರೆ. ಹಝ್ರತ್ ಅನ್ನು.”

ಸಿನಿಮಾ ಇನ್ನೂ ಅರ್ಧದಲ್ಲಿತ್ತು. ಈಗ ಶತ್ರುವಾಗಿರುವವನನ್ನು ಮುಂದಾಗುವುದನ್ನು ಎಣಿಸಿ ಈಗಲೇ ಗೌರವಿಸಬೇಕೆಂಬ ಆ ಲೆಕ್ಕ ನನ್ನ ತಲೆಗೆ ಹತ್ತಲಿಲ್ಲ. ಆ ಮುಖವಂತೂ ಉಳಿಯಿತು. ಆ ನಟನ ಹೆಸರು ಮೈಕೆಲ್ ಅನ್ಸಾರಾ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಹೆಸರು ಕೇಳಿ ಮದೀನಾದ ಅನ್ಸಾರ್‌ಗಳು ನೆನಪಾದರೆ ತಪ್ಪಿಲ್ಲ, ಆದರೆ ಅದರ ಮೇಲೆ ಮನೆ ಕಟ್ಟುವುದು ಬೇಡ.

ಅನ್ಸಾರಾ ಹುಟ್ಟಿದ್ದು 1922ರಲ್ಲಿ, ಸಿರಿಯಾದ ಒಂದು ಹಳ್ಳಿಯಲ್ಲಿ. ಎಳೆಯ ಮಗುವಾಗಿದ್ದಾಗಲೇ ಕುಟುಂಬ ಅಮೆರಿಕ ಸೇರಿತು. ಮೊದಲು ಮ್ಯಾಸಚೂಸೆಟ್ಸ್‌ನ ಲೋವೆಲ್ ಎಂಬ ಗಿರಣಿಗಳ ಊರು, ಆಮೇಲೆ ಕ್ಯಾಲಿಫೋರ್ನಿಯಾ. ಆ ಕಾಲದಲ್ಲಿ ಅಮೆರಿಕಕ್ಕೆ ಹೋದ ಸಿರಿಯನ್ನರಲ್ಲಿ ಬಹುಪಾಲು ಕ್ರೈಸ್ತರು. ಅವರು ಬಿಳಿಯರೋ ಅಲ್ಲವೋ ಎಂಬುದು ಅಲ್ಲಿನ ನ್ಯಾಯಾಲಯಗಳಿಗೆ ತಲೆನೋವಾಗಿತ್ತು. ಬಿಳಿಯರೆಂದು ತೀರ್ಮಾನವಾಗದೆ ಹೊರಗಿನಿಂದ ಬಂದ ಏಷ್ಯಾದವನಿಗೆ ಪೌರತ್ವವಿಲ್ಲ. ಜಾರ್ಜ್ ಡೌ ಎಂಬ ಸಿರಿಯನ್ ವಲಸಿಗನ ಮೊಕದ್ದಮೆಯಲ್ಲಿ 1915ರಲ್ಲಿ ಮೇಲಿನ ನ್ಯಾಯಾಲಯ ಸಿರಿಯನ್ನರು ಬಿಳಿಯರೇ ಎಂದು ತೀರ್ಪು ಕೊಟ್ಟಿತು. ಇದೇ ಪ್ರಶ್ನೆ ಹಿಡಿದು ಹೋದ ನಮ್ಮ ಭಗತ್ ಸಿಂಗ್ ಥಿಂಡ್‌ಗೆ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇಲ್ಲವೆಂದಿತು. ಹೀಗೆ ಕಾಗದದ ಮೇಲೆ ಅನ್ಸಾರಾ ಬಿಳಿಯ. ಹಾಲಿವುಡ್ಡಿನ ಕ್ಯಾಮೆರಾ ಮಾತ್ರ ಆ ತೀರ್ಪನ್ನು ಓದಿರಲಿಲ್ಲ.

ವೈದ್ಯನಾಗಲೆಂದು ಲಾಸ್ ಏಂಜಲೀಸಿನ ಕಾಲೇಜು ಸೇರಿದ ಹುಡುಗನಿಗೆ ವಿಪರೀತ ನಾಚಿಕೆ. ಅದು ಬಿಡಲಿ ಎಂದು ನಾಟಕದ ತರಗತಿಗೆ ಹೋದವನು ಅಲ್ಲೇ ಉಳಿದ. ಪ್ಯಾಸಡೀನಾ ಪ್ಲೇಹೌಸ್‌ನಲ್ಲಿ ಕಲಿತು 1950ರ ದಶಕದ ಆರಂಭದಲ್ಲಿ ಚಿತ್ರಗಳಿಗೆ ಬಂದ. ಬೈಬಲ್ ಕಥೆಗಳ, ಪುರಾತನ ಸಾಮ್ರಾಜ್ಯಗಳ ಭಾರೀ ಚಿತ್ರಗಳ ಕಾಲ ಅದು. ಆತನಿಗೆ ಸಿಕ್ಕಿದ್ದೇನು ನೋಡಿ: 1953ರ ‘ದ ರೋಬ್’ನಲ್ಲಿ ಯೇಸುವನ್ನು ಹಿಡಿದುಕೊಟ್ಟ ಯೂದ, ಅದೂ ಹೆಸರು ಹಾಕದೆ. ಮರುವರ್ಷ ‘ದ ಈಜಿಪ್ಷಿಯನ್’ನಲ್ಲಿ ಹಿಟ್ಟೈಟ್ ದಳಪತಿ. 1956ರ ‘ಟೆನ್ ಕಮಾಂಡ್‌ಮೆಂಟ್ಸ್’ನಲ್ಲಿ ಗುಲಾಮರ ಬೆನ್ನ ಮೇಲೆ ನಿಂತ ಮೇಸ್ತ್ರಿ. 1965ರ ‘ಗ್ರೇಟೆಸ್ಟ್ ಸ್ಟೋರಿ ಎವರ್ ಟೋಲ್ಡ್’ನಲ್ಲಿ ಹೆರೋದನ ಸೇನಾನಿ. ಆ ಕಥೆಗಳು ನಡೆದದ್ದು ಆತ ಹುಟ್ಟಿದ ನೆಲದ ಆಸುಪಾಸಿನಲ್ಲೇ. ನಾಯಕರಾಗಿ ನಿಂತವರು ಬೇರೆಯವರು. ಆ ಸೀಮೆಯಲ್ಲಿ ಹುಟ್ಟಿದವನ ಕೈಗೆ ಚಾವಟಿ.

ಹೆಸರು ತಂದುಕೊಟ್ಟಿದ್ದು ಟೆಲಿವಿಷನ್. 1956ರಲ್ಲಿ ಎಬಿಸಿ ವಾಹಿನಿಯ ‘ಬ್ರೋಕನ್ ಆ್ಯರೋ’ ಧಾರಾವಾಹಿಯಲ್ಲಿ ಅನ್ಸಾರಾ ಅಪಾಚೆ ನಾಯಕ ಕೊಚೀಸ್ ಆದ. ಕೊಚೀಸ್ ಇತಿಹಾಸದ ವ್ಯಕ್ತಿ. 1861ರಲ್ಲಿ ಸೇನೆಯ ಅಧಿಕಾರಿಯೊಬ್ಬ ಮಾತುಕತೆಗೆಂದು ಕರೆದು, ಮಾಡದ ತಪ್ಪಿಗೆ ಬಂಧಿಸಲು ಹೋದಾಗ ತಪ್ಪಿಸಿಕೊಂಡು, ಹನ್ನೊಂದು ವರ್ಷ ಹೋರಾಡಿ, 1872ರಲ್ಲಿ ಸಂಧಿಗೆ ಒಪ್ಪಿ, 1874ರಲ್ಲಿ ತೀರಿಕೊಂಡವನು. ಈ ಕಥೆ 1950ರಲ್ಲೇ ಸಿನಿಮಾ ಆಗಿತ್ತು. ಅದರಲ್ಲಿ ಕೊಚೀಸ್ ಆಗಿದ್ದವನು ಬ್ರೂಕ್ಲಿನ್ನಿನ ಯಹೂದಿ ಮನೆತನದ ಜೆಫ್ ಚಾಂಡ್ಲರ್. ಆಸ್ಕರ್ ನಾಮಕರಣವೂ ಅವನಿಗೆ ಸಿಕ್ಕಿತು. ಅದೇ ಚಿತ್ರದಲ್ಲಿ ಜೆರೊನಿಮೊ ಎಂಬ ಚಿಕ್ಕ ಪಾತ್ರ ಮಾಡಿದ ಜೇ ಸಿಲ್ವರ್‌ಹೀಲ್ಸ್ ನಿಜವಾದ ಮೂಲನಿವಾಸಿ, ಮೊಹಾಕ್ ಜನಾಂಗದವನು. ಅವನನ್ನು ಅಮೆರಿಕ ನೆನಪಿಟ್ಟುಕೊಂಡದ್ದು ‘ಲೋನ್ ರೇಂಜರ್’ ಧಾರಾವಾಹಿಯಲ್ಲಿ ಬಿಳಿಯ ನಾಯಕನ ಬೆನ್ನಿಗಿದ್ದ ಟೊಂಟೊ ಆಗಿ. ಹೀಗಾಗಿ ಅನ್ಸಾರಾನನ್ನು ಅನ್ಯಾಯಕ್ಕೊಳಗಾದವನೆಂದಷ್ಟೇ ಬರೆದು ಮುಗಿಸಲಾಗದು. ಅರಬನ ಮುಖವನ್ನು ಇಂಡಿಯನ್ನನಿಗೆ ತೊಡಿಸಿದಾಗ ಅರಬನೂ ಮರೆಯಾದ, ಇಂಡಿಯನ್ನನೂ ಮರೆಯಾದ. ಆತ ದುಡಿದು ಉಂಡದ್ದು ಇನ್ನೊಬ್ಬನ ಎಲೆಯಲ್ಲಿ.

ಆ ಪಾತ್ರದ ಪೊಳ್ಳು ಆತನಿಗೇ ಗೊತ್ತಿತ್ತು. ಕೊಚೀಸನಿಗೆ ಇರುವುದು ಎರಡೇ ಕೆಲಸ, ಒಂದೋ ಕೈಕಟ್ಟಿ ಗಂಭೀರವಾಗಿ ನಿಲ್ಲುವುದು, ಇಲ್ಲವೇ ಕೈ ಇಳಿಬಿಟ್ಟು ಗಂಭೀರವಾಗಿ ನಿಲ್ಲುವುದು ಎಂದು ಪತ್ರಿಕೆಯವರೆದುರು ನಗೆಯಾಡಿದ್ದ. ಕೆಟ್ಟವನೆಂದು ಚಿತ್ರಿಸುವುದಷ್ಟೇ ಅವಮಾನವಲ್ಲ. ಮಿತಿಮೀರಿ ಒಳ್ಳೆಯವನೆಂದು ಚಿತ್ರಿಸಿ ಉಸಿರಾಡಲು ಬಿಡದಿರುವುದೂ ಅವಮಾನವೇ. ನಮ್ಮ ಹಿಂದಿ ಚಿತ್ರಗಳ ‘ರಹೀಂ ಚಾಚಾ’ಗಳನ್ನು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದಿನ ‘ಲಾ ಆಫ್ ದ ಪ್ಲೇನ್ಸ್‌ಮನ್’ (1959-60) ಇನ್ನೂ ವಿಚಿತ್ರ. ಸ್ಯಾಮ್ ಬಕ್‌ಹಾರ್ಟ್ ಎಂಬ ಅಪಾಚೆ, ಬಿಳಿಯ ಸೇನಾಧಿಕಾರಿಯ ಜೀವ ಉಳಿಸಿ, ಆತ ಬಿಟ್ಟುಹೋದ ಹಣದಿಂದ ಹಾರ್ವರ್ಡ್‌ನಲ್ಲಿ ಓದಿ, ನ್ಯೂ ಮೆಕ್ಸಿಕೊ ಪ್ರಾಂತದಲ್ಲಿ ಸರ್ಕಾರದ ಮಾರ್ಷಲ್ ಆಗುತ್ತಾನೆ. ತನ್ನ ಜನರಿಂದ ಕಸಿದ ನೆಲದಲ್ಲಿ ಕಸಿದವರ ಕಾನೂನು ಕಾಯುವ ಕೆಲಸ. ಎರಡೂ ಕಡೆಯವರ ಅನುಮಾನ ಹೊತ್ತು ತಿರುಗುವ ಈ ಮನುಷ್ಯನಿಗೆ ಆಯುಷ್ಯ ಸಿಕ್ಕಿದ್ದು ಮೂವತ್ತು ಕಂತುಗಳಷ್ಟೇ. ನನ್ನ ಮಟ್ಟಿಗೆ ಕೊಚೀಸನಿಗಿಂತ ಇವನು ದೊಡ್ಡ ಪಾತ್ರ.

ನಡುವೆ ಒಂದು ತಮಾಷೆ. 1958ರಲ್ಲಿ ಅನ್ಸಾರಾ ಮದುವೆಯಾದದ್ದು ನಟಿ ಬಾರ್ಬರಾ ಈಡನ್‌ರನ್ನು. 1965ರಿಂದ ಆಕೆ ‘ಐ ಡ್ರೀಮ್ ಆಫ್ ಜೀನಿ’ಯಲ್ಲಿ ಶೀಶೆಯಿಂದ ಹೊರಬಂದ ಜಿನ್ ಆದರು, 1990ರ ದಶಕದ ಕೊನೆಯಲ್ಲಿ ನಮ್ಮಲ್ಲೂ ಹಿಂದಿ ಮಾತಿನೊಡನೆ ಬಂದ ಅದೇ ಧಾರಾವಾಹಿ. ನಮ್ಮ ಅಜ್ಜಿಗೆ ಜಿನ್ ಎಂದರೆ ಸಂಜೆ ಹುಣಿಸೆಮರದ ಕೆಳಗೆ ಹೋಗದಿರಲು ಕಾರಣ. ಅಮೆರಿಕದವರಿಗೆ ಅದು ಗುಲಾಬಿ ಬಣ್ಣದ ಷರಾಯಿ ತೊಟ್ಟ ಹುಡುಗಿ. ಅರಬ್ಬರ ಜಿನ್ ಆದ ಈಡನ್ ಹುಟ್ಟಿದ್ದು ಅಪಾಚೆಗಳ ಸೀಮೆಯಾದ ಅರಿಝೋನಾದಲ್ಲಿ, ಅಪಾಚೆಯಾದ ಗಂಡ ಹುಟ್ಟಿದ್ದು ಸಿರಿಯಾದಲ್ಲಿ! ಅದೇ ಧಾರಾವಾಹಿಯ ಒಂದು ಕಂತಿನಲ್ಲಿ ಆಕೆಯನ್ನು ಶೀಶೆಯಲ್ಲಿ ಬಂಧಿಸಿಟ್ಟ ನೀಲಿ ಜಿನ್ ಆಗಿ ಬಂದವನು ಈ ಗಂಡನೇ. 1974ರಲ್ಲಿ ಇಬ್ಬರೂ ಬೇರೆಯಾದರು.

1968ರ ‘ಸ್ಟಾರ್ ಟ್ರೆಕ್’ನಲ್ಲಿ ಆತನಿಗೆ ಭೂಮಿಯೂ ತಪ್ಪಿತು. ಕಪ್ಪು ಬಣ್ಣ ಬಳಿದ ಕ್ಲಿಂಗಾನ್ ಎಂಬ ಶತ್ರು ಕುಲದ ದಳಪತಿ ಕ್ಯಾಂಗ್. ದ್ವೇಷವನ್ನೇ ತಿಂದು ಬದುಕುವ ಒಂದು ಅದೃಶ್ಯ ಶಕ್ತಿ ಹಡಗಿನೊಳಗೆ ಸೇರಿಕೊಂಡು ಎರಡೂ ಕಡೆಯವರ ಕೈಗೆ ಕತ್ತಿ ಕೊಡುತ್ತದೆ. ಗಾಯವಾದವರು ಮತ್ತೆ ಎದ್ದು ಹೋರಾಡುವಂತೆ ಮಾಡುತ್ತದೆ. ಕೊನೆಗೆ ಕ್ಯಾಂಗ್ ಕತ್ತಿ ಕೆಳಗಿಟ್ಟು ಶತ್ರುವಿನ ಜೊತೆ ಗಹಗಹಿಸಿ ನಗುತ್ತಾನೆ, ಹಸಿದ ಶಕ್ತಿ ಓಡಿಹೋಗುತ್ತದೆ. ಆ ನಗುವಿಗಾಗಿಯೇ ಇರಬೇಕು, 1994ರಲ್ಲೂ 1996ರಲ್ಲೂ ಅದೇ ಸರಣಿಯ ಹೊಸ ಧಾರಾವಾಹಿಗಳಿಗೆ ಕ್ಯಾಂಗ್ ಆಗಿಯೇ ಆತನನ್ನು ಮತ್ತೆ ಕರೆದರು.

ಈಗ ಖಾಲಾ ಮನೆಯ ಆ ರಾತ್ರಿಗೆ ಬರೋಣ. ‘ದ ಮೆಸೇಜ್’ ನಿರ್ದೇಶಿಸಿದ ಮುಸ್ತಫಾ ಅಕ್ಕಾದ್ ಹುಟ್ಟಿದ್ದು ಸಿರಿಯಾದ ಅಲೆಪ್ಪೊದಲ್ಲಿ. ಪ್ರವಾದಿ(ಸ)ಯವರನ್ನು ತೋರಿಸುವಂತಿಲ್ಲ, ದನಿಯನ್ನೂ ಕೇಳಿಸುವಂತಿಲ್ಲ. ಹಾಗಾಗಿ ನಟರು ಮಸೂರವನ್ನೇ ನೋಡುತ್ತ, ಉತ್ತರವೇ ಬಾರದ ಕಡೆಗೆ ಮಾತಾಡಬೇಕಿತ್ತು. ಅಕ್ಕಾದ್ ಒಂದಲ್ಲ, ಎರಡು ಚಿತ್ರ ತೆಗೆದರು. ದೃಶ್ಯ ಮೊದಲು ಇಂಗ್ಲಿಷ್ ನಟರೊಂದಿಗೆ, ಆಮೇಲೆ ಅದೇ ಜಾಗದಲ್ಲಿ ಅರಬ್ ನಟರೊಂದಿಗೆ. ಅರಬ್ಬಿ ಚಿತ್ರದ ಹಂಝಾ ಮತ್ತು ಅಬೂ ಸುಫ್ಯಾನ್ ಆದವರು ಈಜಿಪ್ಟಿನ ಅಬ್ದುಲ್ಲಾ ಗೈಸ್, ಹಮ್ದಿ ಗೈಸ್, ಒಡಹುಟ್ಟಿದ ಅಣ್ಣತಮ್ಮಂದಿರು. ಸಿರಿಯಾದಲ್ಲಿ ಹುಟ್ಟಿದ ಅನ್ಸಾರಾ ನಿಂತದ್ದು ಇಂಗ್ಲಿಷ್ ಸಾಲಿನಲ್ಲಿ. ಹಿಟ್ಟೈಟ್, ಅಪಾಚೆ, ಕ್ಲಿಂಗಾನ್ ಎಲ್ಲ ಆದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಅರಬ್ಬರ ಇತಿಹಾಸವನ್ನು ಅರಬನೊಬ್ಬ ಹೇಳುವ ಚಿತ್ರದಲ್ಲಿ ಆತ ಅರಬನಾದ. ಅಲ್ಲೂ ಎದುರು ಪಾಳೆಯವೇ.

ಆದರೆ ಈ ಶತ್ರು ಬೇರೆ ಬಗೆಯವನು. ಉಹುದ್‌ನಲ್ಲಿ ಮಕ್ಕಾದ ಸೇನೆ ನಡೆಸಿದ ಅಬೂ ಸುಫ್ಯಾನ್, ಹಿಜರಿ 8ರಲ್ಲಿ, ಅಂದರೆ ಕ್ರಿ.ಶ. 630ರಲ್ಲಿ, ಮಕ್ಕಾ ಮುಸ್ಲಿಮರ ವಶವಾದಾಗ ಸೋತವರು. ಅವರ ಮನೆ ಹೊಕ್ಕವರಿಗೆ ಅಭಯ ಎಂದು ಪ್ರವಾದಿ(ಸ) ಸಾರಿದರು. ಸೋತವನ ಮನೆಯನ್ನೇ ಆಶ್ರಯದ ಜಾಗ ಮಾಡುವುದು, ಅವನ ಮಾನವನ್ನು ಅವನ ಊರಿನೆದುರು ಉಳಿಸುವುದು. ಹಾಲಿವುಡ್ಡಿನ ಖಳನಿಗೆ ಇಂಥ ಬಾಗಿಲು ಸಾಮಾನ್ಯವಾಗಿ ತೆರೆದಿರುವುದಿಲ್ಲ. ಜ್ಯಾಕ್ ಶಾಹೀನ್ ಒಂಬೈನೂರಕ್ಕೂ ಹೆಚ್ಚು ಚಿತ್ರಗಳನ್ನು ಜಾಲಾಡಿ 2001ರಲ್ಲಿ ಪ್ರಕಟಿಸಿದ ‘ರೀಲ್ ಬ್ಯಾಡ್ ಅರಬ್ಸ್’ ಗ್ರಂಥ ತೆರೆದವರಿಗೆ ಅಲ್ಲಿ ಅರಬನ ಗತಿ ಏನೆಂದು ತಿಳಿಯುತ್ತದೆ. ಅನ್ಸಾರಾ ತನ್ನ ಅಬೂ ಸುಫ್ಯಾನ್‌ನನ್ನು ಮೊದಲಿನಿಂದಲೂ ಹಲ್ಲು ಕಡಿಯುವ ದುಷ್ಟನಾಗಿ ಮಾಡಲಿಲ್ಲ. ವ್ಯಾಪಾರ ಕೆಡುತ್ತದೆ, ಮನೆ ಒಡೆಯುತ್ತದೆ ಎಂದು ಕಂಗೆಟ್ಟ ಯಜಮಾನನಾಗಿ ಮಾಡಿದ. ಖಾಲಾ ಚಿವುಟಿದ್ದರ ಅರ್ಥ ಆ ನಟನೆಯೊಳಗೇ ಇತ್ತು.

ಚಿತ್ರದ ಪಾಡು ಮಾತ್ರ ನೋವಿನದು. ಸೌದಿಯ ಒತ್ತಡದಿಂದ ಮೊರಾಕೊದಲ್ಲಿ ಚಿತ್ರೀಕರಣ ನಿಂತು, ಗದ್ದಾಫಿಯ ನೆರವಿನಿಂದ ಲಿಬಿಯಾದಲ್ಲಿ ಮುಗಿಯಿತು. 1977ರ ಮಾರ್ಚ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಒಂದು ಗುಂಪು ಮೂರು ಕಟ್ಟಡಗಳಲ್ಲಿ ಸುಮಾರು ನೂರೈವತ್ತು ಜನರನ್ನು ಒತ್ತೆಯಿಟ್ಟುಕೊಂಡಿತು. ಒಬ್ಬ ತರುಣ ಪತ್ರಕರ್ತ ಸತ್ತ. ಅವರ ನಾಯಕನ ಮುಖ್ಯ ಸಂಕಟ ತನ್ನ ಕುಟುಂಬದ ಕೊಲೆಯದು. ಬೇಡಿಕೆಗಳಲ್ಲಿ ಈ ಚಿತ್ರ ನಿಲ್ಲಿಸಬೇಕೆಂಬುದೂ ಒಂದು. ಕ್ವಿನ್ ಪ್ರವಾದಿಯ ಪಾತ್ರ ಮಾಡಿದ್ದಾನೆಂಬ ಸುಳ್ಳು ಸುದ್ದಿ ಹಬ್ಬಿತ್ತು. ನೋಡದ ಚಿತ್ರಕ್ಕಾಗಿ ಕತ್ತಿ ಹಿಡಿಯುವುದು ನಮಗೆ ಹೊಸದೇನಲ್ಲ, ನಾಚಿಕೆಯಿಂದಲೇ ಹೇಳಬೇಕು. ಈಜಿಪ್ಟ್, ಪಾಕಿಸ್ತಾನ, ಇರಾನಿನ ರಾಯಭಾರಿಗಳು ಕುಳಿತು ಕುರ್‌ಆನ್ ಓದಿ ಮನವೊಲಿಸಿದ ಮೇಲೆ ಒತ್ತೆಯಾಳುಗಳು ಬಿಡುಗಡೆಯಾದರು. ಅಕ್ಕಾದ್ 2005ರ ನವೆಂಬರ್‌ನಲ್ಲಿ ಅಮ್ಮಾನಿನ ಹೋಟೆಲೊಂದರಲ್ಲಿ ಇಸ್ಲಾಮಿನ ಹೆಸರು ಹೇಳುವವರದೇ ಬಾಂಬಿಗೆ ಮಗಳೊಂದಿಗೆ ಬಲಿಯಾದರು.

ವಯಸ್ಸಾದಂತೆ ಅನ್ಸಾರಾನಿಗೆ ಮುಖದ ಅಗತ್ಯವೂ ಇಲ್ಲವಾಯಿತು. 1992ರ ಬ್ಯಾಟ್‌ಮ್ಯಾನ್ ಕಾರ್ಟೂನಿನಲ್ಲಿ ಮಿಸ್ಟರ್ ಫ್ರೀಝ್ ಎಂಬ ಖಳನಿಗೆ ದನಿ ಕೊಟ್ಟ. ಕಾಯಿಲೆಯ ಹೆಂಡತಿಯನ್ನು ಉಳಿಸಲು ಹೋಗಿ ಹಿಮಗಟ್ಟಿದ ವಿಜ್ಞಾನಿ ಅವನು. ಏರಿಳಿತವಿಲ್ಲದ ಆ ದನಿಗೆ ಬಣ್ಣ ಬಳಿಯುವ, ಕುಲ ಕೇಳುವ ಪ್ರಮೇಯವೇ ಬರಲಿಲ್ಲ.

2013ರ ಜುಲೈ 31ರಂದು, ಮರೆವಿನ ರೋಗದಿಂದ ಬಳಲಿ, ಕ್ಯಾಲಿಫೋರ್ನಿಯಾದಲ್ಲಿ ಅನ್ಸಾರಾ ತೀರಿಕೊಂಡ. ಐದು ವರ್ಷಗಳ ನಂತರ, 2018ರ ಈದುಲ್ ಫಿತ್ರ್‌ಗೆ, ಒಂದು ಕಾಲಕ್ಕೆ ಈ ಚಿತ್ರವನ್ನು ನಿಲ್ಲಿಸಲು ಹೊರಟಿದ್ದ ಸೌದಿ ಅರೇಬಿಯಾದ ಚಿತ್ರಮಂದಿರಗಳಲ್ಲೇ ‘ದ ಮೆಸೇಜ್’ ಹೊಸದಾಗಿ ತೊಳೆದ ಪ್ರತಿಯಲ್ಲಿ ಮೊದಲ ಬಾರಿಗೆ ತೆರೆಕಂಡಿತು. ಸುದ್ದಿ ಓದಿ ಖಾಲಾಗೆ ಫೋನು ಮಾಡಿದೆ. “ಯಾವ ಸಿನಿಮಾ?” ಎಂದರು. ಅಬೂ ಸುಫ್ಯಾನ್ ಎಂದೆ. “ಹಝ್ರತ್ ಅನ್ನು” ಎಂದರು.