ಲೀನ್

ಠೇವಣಿಯ ಮೇಲೆ ಸಾಲ ತೆಗೆದವರಿಗೆ ‘ಲೀನ್ ಮಾರ್ಕ್ ಆಗಿದೆ’ ಎಂಬ ಬ್ಯಾಂಕಿನ ಮಾತು ಗೊತ್ತು. ಹಣ ನಿಮ್ಮದೇ, ಆದರೆ ಸಾಲ ತೀರುವವರೆಗೆ ಮುಟ್ಟುವಂತಿಲ್ಲ. ಸಂಸ್ಕೃತದ ‘ಲೀನ’ಕ್ಕೂ ಇದಕ್ಕೂ ನಂಟಿಲ್ಲ. ಲ್ಯಾಟಿನ್ನಿನಲ್ಲಿ ‘ಲಿಗಾರೆ’ ಎಂದರೆ ಕಟ್ಟುವುದು, ‘ಲಿಗಾಮೆನ್’ ಎಂದರೆ ಕಟ್ಟು. ಅದೇ ಫ್ರೆಂಚಿನಲ್ಲಿ ಸವೆದು ಇಂಗ್ಲಿಷ್ ಕಾನೂನಿಗೆ ಬಂತು. ಮೊಣಕಾಲಿನ ಲಿಗಮೆಂಟ್ ಕೂಡ ಇದೇ ಬಳ್ಳಿಯ ಕುಡಿ.

ನಮ್ಮ 1872ರ ಕರಾರು ಕಾಯಿದೆಯ 170ನೇ ಕಲಮು ಒಂದು ಉದಾಹರಣೆ ಕೊಡುತ್ತದೆ: ಒರಟು ವಜ್ರವನ್ನು ಕೊರೆದು ಹೊಳಪು ಕೊಟ್ಟ ಚಿನಿವಾರ, ಮಜೂರಿ ಕೈಸೇರುವವರೆಗೆ ಅದನ್ನು ತನ್ನಲ್ಲೇ ಇಟ್ಟುಕೊಳ್ಳಬಹುದು. ಹೊಲಿದ ಬಟ್ಟೆಯ ಮೇಲೆ ದರ್ಜಿಗೂ ಅದೇ ಹಕ್ಕು. ಬಡಗಿಯ ಪಾಡು ಬೇರೆ. ಅಡುಗೆಮನೆಯ ಮೂಲೆಯ ಸೊಟ್ಟ ನೋಡಿ, ಅಳತೆಗೆ ತಕ್ಕಂತೆ ಹಲಗೆ ಕೊಯ್ದು ಕೂರಿಸಿದ ಕಪಾಟು ಇನ್ನೊಂದು ಮನೆಗೆ ಹೊಂದುವುದಿಲ್ಲ. ಸ್ಕ್ರೂ ಬಿಗಿದ ಮೇಲೆ ಹಿಡಿದಿಟ್ಟುಕೊಳ್ಳಲು ಅವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಅಮೆರಿಕದವರು ಆ ಕಟ್ಟನ್ನು ಮನೆಗೇ ಬಿಗಿದರು. ಹೊಸ ರಾಜಧಾನಿ ವಾಷಿಂಗ್ಟನ್ ಕಟ್ಟುವಾಗ, 1791ರಲ್ಲಿ, ಮೇರಿಲ್ಯಾಂಡ್ ತಂದ ಕಾಯಿದೆಯಿಂದ ‘ಮೆಕ್ಯಾನಿಕ್ಸ್ ಲೀನ್’ ಶುರುವಾಯಿತು. ದುಡಿದವನು ಬಾಕಿಯನ್ನು ಆಸ್ತಿಯ ದಾಖಲೆಯಲ್ಲೇ ಬರೆಸಬಹುದು. ತೀರಿಸದೆ ಮನೆ ಮಾರುವುದು ಕಷ್ಟ. ಗಡುವು ಮಾತ್ರ ಬಿಗಿ. ಕ್ಯಾಲಿಫೋರ್ನಿಯಾದಲ್ಲಿ ದಾಖಲಿಸಿದ 90 ದಿನದೊಳಗೆ ದಾವೆ ಹೂಡಬೇಕು. ನಮ್ಮ ಬಡಗಿಗೆ ಇಂಥ ಹಕ್ಕಿಲ್ಲದಿರುವುದು ದೊಡ್ಡ ಕೊರತೆಯೆಂದೇ ನನ್ನ ಭಾವನೆ.

ಕನ್ನಡದಲ್ಲಿ ಏನೆನ್ನೋಣ? ಅಡವು, ಒತ್ತೆ ಸಲ್ಲವು. ಅವು ಮಾಲೀಕ ತಾನಾಗಿ ಇಡುವಂಥವು. ಸಬ್‌ರಿಜಿಸ್ಟ್ರಾರ್ ಕಚೇರಿಯ ‘ಋಣಭಾರ’ ಹತ್ತಿರ ಬರುತ್ತದೆ.