ವಿಡ್ನೆಸ್‌ನಿಂದ ಪೀಣ್ಯದವರೆಗೆ: ಟೋನ್ ಕರ್ವ್ ನಡೆದುಬಂದ ದಾರಿ

ಬೆಂಗಳೂರಿನ ನಾಗಸಂದ್ರ, ಎಂಟನೇ ಮೈಲಿ, ದಾಸರಹಳ್ಳಿಯ ಫೋಟೊ ಸ್ಟುಡಿಯೊಗಳಲ್ಲಿ ದಿನವೂ ನಡೆಯುವ ಕೆಲಸವೊಂದಿದೆ. ಪಾಸ್‌ಪೋರ್ಟ್ ಫೋಟೊ ಕಂಪ್ಯೂಟರಿಗೆ ಬಂದ ಕೂಡಲೇ ಕಂಟ್ರೋಲ್ ಮತ್ತು ಎಂ ಕೀಲಿಗಳನ್ನು ಒತ್ತುತ್ತಾರೆ. ಚೌಕವೊಂದು ತೆರೆದುಕೊಳ್ಳುತ್ತದೆ. ಅದರೊಳಗಿನ ಓರೆಗೆರೆಯ ನಡುಭಾಗವನ್ನು ಮೌಸ್‌ನಿಂದ ತುಸು ಮೇಲಕ್ಕೆಳೆದರೆ ಮುಖ ಬೆಳಗುತ್ತದೆ. ಕರ್ವ್ಸ್ ಎಂಬ ಈ ಸಾಧನ ಫೋಟೊಶಾಪ್‌ನೊಂದಿಗೆ ಹುಟ್ಟಿತು ಎಂದು ನಂಬಿದವರೇ ಹೆಚ್ಚು. ಆದರೆ ಆ ಗೆರೆಗೆ ಫೋಟೊಶಾಪ್‌ಗಿಂತ ನೂರು ವರ್ಷ ಹೆಚ್ಚು ವಯಸ್ಸಾಗಿದೆ. ಹುಟ್ಟಿದಾಗ ಅದು ಚಿತ್ರವನ್ನು ತಿದ್ದುವ ಸಾಧನವೂ ಆಗಿರಲಿಲ್ಲ. ಬೆಳಕು ಫೋಟೊ ಫಲಕದ ಮೇಲೆ ಏನು ಮಾಡಿತು ಎಂಬುದರ ಅಳತೆಯಾಗಿತ್ತು. ಅಳತೆಯಾಗಿದ್ದ ಗೆರೆ ಆಜ್ಞೆಯಾಗಿ ಬದಲಾದದ್ದೇ ಅದರ ಚರಿತ್ರೆಯ ಮುಖ್ಯ ತಿರುವು ಎಂಬುದು ಈ ಲೇಖನದ ವಾದ. ಆ ತಿರುವನ್ನು ಅರಿಯಲು ನಾಗಸಂದ್ರದ ನೆರೆಯ ಪೀಣ್ಯಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ.

ಇಂಗ್ಲೆಂಡಿನ ವಿಡ್ನೆಸ್ ಕ್ಷಾರ ಕಾರ್ಖಾನೆಗಳ ಊರಾಗಿತ್ತು. ಅಲ್ಲಿ ಕೆಲಸಕ್ಕಿದ್ದ ಸ್ವಿಸ್ ರಸಾಯನ ವಿಜ್ಞಾನಿ ಫರ್ಡಿನಾಂಡ್ ಹರ್ಟರ್ ಮತ್ತು ಇಂಗ್ಲಿಷ್ ಎಂಜಿನಿಯರ್ ವೆರೊ ಚಾರ್ಲ್ಸ್ ಡ್ರಿಫೀಲ್ಡ್ ಗೆಳೆಯರು. ಡ್ರಿಫೀಲ್ಡ್‌ಗೆ ಛಾಯಾಗ್ರಹಣದ ಹುಚ್ಚಿತ್ತು, ಹರ್ಟರ್‌ಗೆ ಎಲ್ಲವನ್ನೂ ಅಂಕಿಗೆ ಇಳಿಸುವ ಹಟ. ಅಂದಿನ ಛಾಯಾಗ್ರಾಹಕರು ಎಷ್ಟು ಹೊತ್ತು ಬೆಳಕು ಕೊಡಬೇಕು, ಎಷ್ಟು ಹೊತ್ತು ಡೆವಲಪ್ ಮಾಡಬೇಕು ಎಂಬುದನ್ನು ಅನುಭವದ ಅಂದಾಜಿನ ಮೇಲೆ ನಿರ್ಧರಿಸುತ್ತಿದ್ದರು. ಈ ಇಬ್ಬರು ಮಾತ್ರ ಪ್ರಮಾಣಿತ ದೀಪದ ಬೆಳಕನ್ನು ಗೊತ್ತಾದ ಪ್ರಮಾಣಗಳಲ್ಲಿ ಫಲಕಕ್ಕೆ ಕೊಟ್ಟು, ಅದು ಎಷ್ಟು ಕಪ್ಪಾಯಿತೆಂದು ಅಳೆದರು. 1890ರಲ್ಲಿ ರಾಸಾಯನಿಕ ಉದ್ಯಮ ಸಂಘದ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಅಡ್ಡ ಅಕ್ಷದಲ್ಲಿ ಬೆಳಕಿನ ಲಾಗರಿದಮ್, ಲಂಬ ಅಕ್ಷದಲ್ಲಿ ಸಾಂದ್ರತೆ. ಗೆರೆ ಕೆಳಗೆ ಮೆಲ್ಲಗೆ ಬಾಗಿ ಎದ್ದು, ನಡುವೆ ನೇರವಾಗಿ ಏರಿ, ಮೇಲೆ ಮತ್ತೆ ಬಾಗುತ್ತದೆ. ಸಾಂದ್ರತೆ 1 ಎಂದರೆ ಬಿದ್ದ ಬೆಳಕಿನ ಹತ್ತರಲ್ಲೊಂದು ಭಾಗ ಮಾತ್ರ ದಾಟಿಹೋಗುತ್ತದೆ, 0.3 ಎಂದರೆ ಸರಿಸುಮಾರು ಅರ್ಧ. ನೇರ ಭಾಗದ ಇಳಿಜಾರಿಗೆ ಅವರು ಗ್ರೀಕ್ ಅಕ್ಷರ ಗಾಮಾ ಕೊಟ್ಟರು. ಇವತ್ತು ಮಾನಿಟರ್ ಸೆಟ್ಟಿಂಗ್‌ನಲ್ಲಿ ಕಾಣುವ ಗಾಮಾ 2.2 ಎಂಬ ಬರಹ ಇದೇ ಲೆಕ್ಕದ ವಂಶದ್ದು.

ಕಾಂಟ್ರಾಸ್ಟ್ ಎಂದರೆ ಇಳಿಜಾರು. ಗೆರೆ ಕಡಿದಾಗಿ ಏರುವ ಕಡೆ ಹತ್ತಿರದ ಎರಡು ಛಾಯೆಗಳು ದೂರವಾಗುತ್ತವೆ, ಚಪ್ಪಟೆಯಾದ ಕಡೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಂಪ್ಯೂಟರಿನ ಕರ್ವ್‌ನಲ್ಲೂ ಇದೇ ನಿಯಮ. ಕಪ್ಪಿನ 0ಯಿಂದ ಬಿಳುಪಿನ 255ರವರೆಗಿನ ಏರಿಕೆ ಒಟ್ಟಾರೆ ಅಷ್ಟೇ ಇರುವುದರಿಂದ, ಮುಖದ ಛಾಯೆಗಳಿಗೆ ಕೊಟ್ಟ ಹೆಚ್ಚಿನ ಇಳಿಜಾರನ್ನು ಕೂದಲಿನಿಂದಲೋ ಬಿಳಿ ಅಂಗಿಯಿಂದಲೋ ಕಿತ್ತುಕೊಳ್ಳಲೇಬೇಕು. ಕರ್ವ್ ಕುರಿತು ಬೇರೆ ಏನೂ ಕಲಿಯದಿದ್ದರೂ ಇದೊಂದನ್ನು ಕಲಿಯಬೇಕು.

ಡಾರ್ಕ್‌ರೂಂ ಕಾಲದಲ್ಲಿ ಈ ಆಯ್ಕೆ ಪೇಪರ್ ಡಬ್ಬಿಯ ಮೇಲೆಯೇ ಬರೆದಿರುತ್ತಿತ್ತು: ಸಾಫ್ಟ್, ನಾರ್ಮಲ್, ಹಾರ್ಡ್. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಪೇಪರ್ ನಮ್ಮ ಸ್ಟುಡಿಯೊಗಳವರಿಗೆಲ್ಲ ಪರಿಚಿತವಾಗಿತ್ತು. ಮೋಡದ ದಿನ ತೆಗೆದ ಸಪ್ಪೆ ನೆಗೆಟಿವ್‌ಗೆ ಹಾರ್ಡ್ ಪೇಪರ್, ಸುಡುಬಿಸಿಲಿನ ನೆಗೆಟಿವ್‌ಗೆ ಸಾಫ್ಟ್. ಗ್ರೇಡ್ ಬದಲಿಸಿದಾಗಲೆಲ್ಲ ಅವರು ಇಡೀ ವಕ್ರರೇಖೆಯನ್ನೇ ಬದಲಿಸುತ್ತಿದ್ದರು. ಆದರೆ ಕಾರ್ಖಾನೆ ಮಾಡಿಕೊಟ್ಟ ಮೂರು ನಾಲ್ಕು ರೇಖೆಗಳಲ್ಲಿ ಒಂದನ್ನು ಆರಿಸುವಷ್ಟೇ ಸ್ವಾತಂತ್ರ್ಯ ಅವರಿಗಿತ್ತು. ಉಳಿದದ್ದನ್ನು ಎನ್‌ಲಾರ್ಜರ್ ಕೆಳಗೆ ಅಂಗೈ ಅಡ್ಡ ಹಿಡಿದು ನೆರಳು ಮಾಡಿ ಸಾಧಿಸುತ್ತಿದ್ದರು.

ಚಲನಚಿತ್ರದವರಿಗೆ ಆ ಅಂಗೈಯೂ ಇರಲಿಲ್ಲ. ಸೆಕೆಂಡಿಗೆ 24 ಚೌಕಟ್ಟು ಓಡುವ ಕಡೆ ಒಂದೊಂದನ್ನೂ ಕೈಯಿಂದ ತಿದ್ದಲಾಗದು. ಯಾವ ಛಾಯೆ ಫಿಲ್ಮ್‌ನ ರೇಖೆಯ ಯಾವ ಭಾಗದಲ್ಲಿ ಕೂರಬೇಕು ಎಂಬುದನ್ನು ಚಿತ್ರೀಕರಣದ ಜಾಗದಲ್ಲೇ ದೀಪಗಳಿಂದ ತೀರ್ಮಾನಿಸಬೇಕು. ಬೆಂಗಳೂರಿನಲ್ಲಿ ಈ ವಿದ್ಯೆಗೆ ಸರ್ಕಾರಿ ಶಾಲೆಯೇ ಹುಟ್ಟಿತು. 1943ರಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯ ಛಾಯಾಗ್ರಹಣ ವಿಭಾಗವೇ ಇಂದು ನಾಗಸಂದ್ರದ ಉತ್ತರಕ್ಕೆ ಹೆಸರಘಟ್ಟದಲ್ಲಿರುವ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯ ಮೂಲ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ.ಕೆ. ಮೂರ್ತಿ ಓದಿದ್ದು ಅಲ್ಲಿಯೇ. ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಚಿತ್ರಕ್ಕಾಗಿ ಅವರು ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೊದೊಳಕ್ಕೆ ತಿರುಗಿಸಿ ಹಾಯಿಸಿದ ಬೆಳಕಿನ ಕೋಲು ಭಾರತೀಯ ಕಪ್ಪು-ಬಿಳುಪು ಚಿತ್ರೀಕರಣದ ಎತ್ತರದ ಮಾದರಿ. ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಚಿತ್ರದ ಹಾಡೊಂದರಲ್ಲಿ ಸಹ ನರ್ತಕಿಯರನ್ನು ನೆರಳಿನಲ್ಲಿಟ್ಟು ಮುಖ್ಯ ನರ್ತಕಿಯೊಬ್ಬಳ ಮೇಲಷ್ಟೇ ಬೆಳಕು ಬಿಟ್ಟರು. ಸಹ ನರ್ತಕಿಯರು ರೇಖೆಯ ಬುಡದಲ್ಲಿದ್ದಾರೆ, ಆಕೆ ನೇರ ಭಾಗದ ಮೇಲ್ತುದಿಯಲ್ಲಿ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ, ಛಾಯಾಗ್ರಾಹಕನೊಬ್ಬನಿಗೆ ಆ ಗೌರವ ದೊರೆತದ್ದು ಅದೇ ಮೊದಲು.

ಹಾಗಿದ್ದರೆ ರೇಖೆ ಆಜ್ಞೆಯಾದದ್ದು ಯಾವಾಗ? ಉತ್ತರ ಬಾಹ್ಯಾಕಾಶದಲ್ಲಿದೆ. 1965ರ ಜುಲೈನಲ್ಲಿ ಬಾಹ್ಯಾಕಾಶ ನೌಕೆ ಮ್ಯಾರಿನರ್ 4 ಮಂಗಳವನ್ನು ಹಾದು ಕಳಿಸಿದ ಚಿತ್ರಗಳಲ್ಲಿ ಪ್ರತಿ ಸಾಲಿಗೆ 200 ಬಿಂದು, ಒಟ್ಟು 200 ಸಾಲು, ಪ್ರತಿ ಬಿಂದುವಿಗೆ 64 ಬೂದು ಮಟ್ಟಗಳಲ್ಲಿ ಒಂದು. ಬಂದ ಚಿತ್ರ ತೀರಾ ಮಬ್ಬಾಗಿತ್ತು. ಬಳಕೆಯಾಗಿದ್ದ ಕೆಲವೇ ಮಟ್ಟಗಳನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿದಾಗ ಕುಳಿಗಳು ಎದ್ದು ಕಂಡವು. ಇದಕ್ಕೆ ಕಾಂಟ್ರಾಸ್ಟ್ ಸ್ಟ್ರೆಚ್ ಎಂದು ಹೆಸರು. ಹಳೆಯ ಸಂಖ್ಯೆ ಇಷ್ಟಿದ್ದರೆ ಹೊಸದು ಇಷ್ಟು ಎಂಬ ಪಟ್ಟಿ. ಅದನ್ನು ಗ್ರಾಫಿಗೆ ಇಳಿಸಿದರೆ ಸಿಗುವುದು ಕರ್ವ್‌ನ ಗೆರೆ.

ಏಳು ವರ್ಷಗಳ ನಂತರ, 1972ರಲ್ಲಿ, ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ಮುಂದಾಳತ್ವದ ತಂಡ ಪೀಣ್ಯ ಕೈಗಾರಿಕಾ ಪ್ರದೇಶದ ತಗಡಿನ ಶೆಡ್‌ಗಳಲ್ಲಿ ಉಪಗ್ರಹ ಕಟ್ಟಲು ತೊಡಗಿತು. ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು. ಅದಕ್ಕೆ ಕ್ಯಾಮೆರಾ ಇರಲಿಲ್ಲ. 1979ರ ಜೂನ್ 7ರಂದು ಹಾರಿದ ಭಾಸ್ಕರ-1ಕ್ಕೆ ಇತ್ತು: ಒಂದು ಗೋಚರ ಬೆಳಕಿಗೆ, ಇನ್ನೊಂದು ಸಮೀಪದ ಅವಗೆಂಪಿಗೆ, ಹೀಗೆ ಎರಡು ಟೆಲಿವಿಷನ್ ಕ್ಯಾಮೆರಾ. ಪ್ರತಿ ಬಿಂದುವಿನಲ್ಲಿ ಸುಮಾರು ಒಂದು ಕಿಲೋಮೀಟರ್ ನೆಲ. ಮೊದಲಿಗೆ ಕ್ಯಾಮೆರಾಗಳನ್ನು ಚಾಲೂ ಮಾಡಲಾಗದೆ, 1980ರ ಮೇ ತಿಂಗಳಲ್ಲಿ ಒಂದನ್ನು ಮಾತ್ರ ಚಾಲೂ ಮಾಡಿದರು. 1981ರ ನವೆಂಬರ್ 20ರಂದು ಹೋದ ಭಾಸ್ಕರ-2 ಒಂದು ಕ್ಯಾಮೆರಾ ಕೈಕೊಟ್ಟರೂ ಎರಡು ಸಾವಿರಕ್ಕೂ ಹೆಚ್ಚು ಚಿತ್ರ ಕಳಿಸಿತು. ನಮ್ಮ ಕಾಡು, ನೀರು, ನೆಲವನ್ನು ನಮ್ಮದೇ ಕಣ್ಣಿನಿಂದ ಅಂಕಿಗಳಾಗಿ ನೋಡಿದ್ದು ಇಲ್ಲಿಂದ ಮೊದಲು.

1988ರ ಮಾರ್ಚ್ 17ರಂದು ಹಾರಿದ ಐಆರ್‌ಎಸ್-1ಎ ಉಪಗ್ರಹದ ಚಿತ್ರಗಳಲ್ಲಿ 128 ಬೂದು ಮಟ್ಟಗಳಿದ್ದವು. 1995ರ ಡಿಸೆಂಬರ್ 28ರ ಐಆರ್‌ಎಸ್-1ಸಿ ಹೊತ್ತ ಪ್ಯಾನ್ ಕ್ಯಾಮೆರಾ 5.8 ಮೀಟರ್‌ನಷ್ಟು ಚಿಕ್ಕ ನೆಲವನ್ನೂ ಬೇರ್ಪಡಿಸಿ ತೋರಿಸುತ್ತಿತ್ತು. ಮಟ್ಟಗಳು ಮಾತ್ರ 64. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಬಯಲಿನ ಚಿತ್ರ ಆ 64ರಲ್ಲಿ 20 ಮಟ್ಟಗಳನ್ನಷ್ಟೇ ಬಳಸಿದೆ ಎಂದಿಟ್ಟುಕೊಳ್ಳಿ. ತೆರೆಯ ಮೇಲೆ ಇಟ್ಟರೆ ಬೂದಿ ಬಳಿದ ಗೋಡೆಯಂತೆ ಕಾಣುತ್ತದೆ. ಕರ್ವ್ ಕಡಿದಾಗಿಸಿ ಆ 20ನ್ನು 0ಯಿಂದ 255ರವರೆಗೆ ಹರಡಿದರೆ ರಸ್ತೆ, ಶೆಡ್‌ಗಳ ಛಾವಣಿ, ಕೆರೆಯ ಏರಿ ಎಲ್ಲ ಬಿಡಿಬಿಡಿಯಾಗುತ್ತವೆ. ಈಗ ಯಾವ ಮಟ್ಟದಲ್ಲಿ ಎಷ್ಟು ಬಿಂದುಗಳಿವೆ ಎಂದು ತೋರಿಸುವ ಹಿಸ್ಟೊಗ್ರಾಂ ತೆಗೆಯಿರಿ. ಇಪ್ಪತ್ತು ಕಡ್ಡಿಗಳು, ಒಂದರಿಂದ ಇನ್ನೊಂದಕ್ಕೆ ಸುಮಾರು 13 ಮಟ್ಟಗಳ ಅಂತರ, ನಡುವೆ ಖಾಲಿ. ಕಣ್ಣಿಗೆ ಸಿಕ್ಕಿದ್ದು ಹೆಚ್ಚಾಯಿತು, ಚಿತ್ರದಲ್ಲಿದ್ದ ಮಾಹಿತಿ ಎಳ್ಳಷ್ಟೂ ಹೆಚ್ಚಲಿಲ್ಲ.

ಬಣ್ಣಕ್ಕೆ ಬಂದಾಗ ಮಾತು ಇನ್ನೂ ಗಂಭೀರ. ಉಪಗ್ರಹದವರು ಅವಗೆಂಪನ್ನು ಕೆಂಪಾಗಿ, ಕೆಂಪನ್ನು ಹಸಿರಾಗಿ, ಹಸಿರನ್ನು ನೀಲಿಯಾಗಿ ತೋರಿಸುವ ಕೃತಕ ವರ್ಣ ಸಂಯೋಜನೆ ಬಳಸುತ್ತಾರೆ. ಹಸಿರೆಲೆ ಅವಗೆಂಪನ್ನು ಬಲವಾಗಿ ಪ್ರತಿಫಲಿಸುವುದರಿಂದ ಕಾಡು ಕಡುಗೆಂಪು, ನೀರು ಕಪ್ಪು. 1894ರಲ್ಲಿ ಕಟ್ಟಿದ ಹೆಸರಘಟ್ಟ ಕೆರೆಯ ಪಕ್ಕದ ಹುಲ್ಲುಗಾವಲು ಇಂಥ ಚಿತ್ರದಲ್ಲಿ ಬೇಸಿಗೆಗೆ ಮಂಕಾಗಿ, ಮಳೆಯ ನಂತರ ನಸುಗೆಂಪಾಗಿ ಕಾಣಬೇಕು. ಆದರೆ ಅವಗೆಂಪು ಪಟ್ಟಿಯ ಕರ್ವ್ ಒಂದನ್ನೇ ಕಡಿದಾಗಿಸಿದರೆ ತೆಳು ಹುಲ್ಲು ಸಹ ದಟ್ಟ ಕಾಡಿನ ಕೆಂಪು ತಳೆಯುತ್ತದೆ, ತಗ್ಗಿಸಿದರೆ ಪಾಳುಭೂಮಿಯಾಗುತ್ತದೆ. ನಕ್ಷೆ ಮುದ್ರಿಸಿ ಸಭೆಯಲ್ಲಿ ಮೇಜಿನ ಮೇಲೆ ಹರಡುವವರು ಕರ್ವ್ ಯಾವುದೆಂದು ಹೇಳದಿದ್ದರೆ, ಆ ನಕ್ಷೆಯ ಕೆಂಪನ್ನು ನೋಡಿ ತೀರ್ಮಾನಕ್ಕೆ ಬರಬಾರದು. ಸಸ್ಯಾವರಣದ ಸೂಚ್ಯಂಕಗಳನ್ನು ಹಿಗ್ಗಿಸದ ಅಂಕಿಗಳಿಂದಲೇ ಲೆಕ್ಕಹಾಕುವುದು ಈ ಕಾರಣಕ್ಕೆ.

ಸ್ಟುಡಿಯೊ ಚಿತ್ರದಲ್ಲೂ ಬಣ್ಣ ಹೀಗೆಯೇ ಜಾರುತ್ತದೆ. ಕೆಮ್ಮಣ್ಣಿನ ಒಂದು ಬಿಂದುವಿನಲ್ಲಿ ಕೆಂಪು 160, ಹಸಿರು 100, ನೀಲಿ 70 ಇದೆ ಎನ್ನಿ. ಮೂರೂ ಬಣ್ಣಕ್ಕೆ ಒಂದೇ ಎಸ್ ಆಕಾರದ ಕರ್ವ್ ಕೊಟ್ಟರೆ ಅವು 172, 93, 56 ಆಗಬಹುದು. ಮಾಡಹೊರಟದ್ದು ಕಾಂಟ್ರಾಸ್ಟ್, ಆದರೆ ಕೆಂಪಿಗೂ ನೀಲಿಗೂ ಇದ್ದ 90ರ ಅಂತರ 116 ಆಗಿ ಮಣ್ಣು ಹೆಚ್ಚು ಕೆಂಪಾಯಿತು. ಕಲರ್ ನೆಗೆಟಿವ್ ಕಾಲದ ಲ್ಯಾಬ್‌ನವರ ಪಾಡು ಬೇರೆ. ಫಿಲ್ಮ್‌ನ ಮೂರು ಪದರಗಳಿಗೆ ಮೂರು ರೇಖೆ. ಫಿಲ್ಟರ್ ಬದಲಿಸಿದರೆ ರೇಖೆ ಅಕ್ಕಪಕ್ಕಕ್ಕೆ ಸರಿಯುತ್ತಿತ್ತು, ಅಷ್ಟೆ. ಹಳೆಯದಾದ ಫಿಲ್ಮ್‌ನಲ್ಲಿ ಆ ರೇಖೆಗಳ ಇಳಿಜಾರೇ ಬೇರೆಬೇರೆಯಾಗಿ ಒಂದನ್ನೊಂದು ದಾಟಿದರೆ ನೆರಳು ಹಸಿರು, ಬೆಳಕು ಗುಲಾಬಿ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತಿತ್ತು.

ಆ ಗಂಟು ಬಿಚ್ಚಿದ್ದು ಫೋಟೊಶಾಪ್. ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ವಿದ್ಯಾರ್ಥಿಯಾಗಿದ್ದ ಥಾಮಸ್ ನೋಲ್ 1987ರಲ್ಲಿ ಬರೆದ ಡಿಸ್‌ಪ್ಲೇ ಎಂಬ ಪ್ರೋಗ್ರಾಂ, ಬರೀ ಕಪ್ಪು-ಬಿಳುಪು ಬಿಂದುಗಳ ತೆರೆಯ ಮೇಲೆ ಬೂದು ಛಾಯೆ ತೋರಿಸಲು ಹುಟ್ಟಿತು. ತಮ್ಮ ಜಾನ್ ಜೊತೆಗೂಡಿ ಬೆಳೆಸಿದ ಅದು ಫೋಟೊಶಾಪ್ ಎಂದು ಹೊರಬಂದದ್ದು 1990ರ ಫೆಬ್ರವರಿಯಲ್ಲಿ, ಹರ್ಟರ್–ಡ್ರಿಫೀಲ್ಡ್ ಲೇಖನದ ನೂರನೇ ವರ್ಷದಲ್ಲಿ. ಈಗ ಕೆಂಪು, ಹಸಿರು, ನೀಲಿಯ ರೇಖೆಗಳನ್ನು ಪ್ರತ್ಯೇಕವಾಗಿ, ಬೇಕಾದ ಬಿಂದುವಿನಲ್ಲಿ ಬಗ್ಗಿಸಬಹುದಾಯಿತು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಬದಲಾವಣೆ 1996ರ ನಾಲ್ಕನೇ ಆವೃತ್ತಿಯ ಅಡ್ಜಸ್ಟ್‌ಮೆಂಟ್ ಲೇಯರ್. ಅಲ್ಲಿಂದ ಕರ್ವ್ ಚಿತ್ರದ ಮೇಲೆ ಬೇರೆ ಪದರವಾಗಿ ನಿಂತಿತು. ಕೆಳಗಿನ ಅಂಕಿಗಳು ಹಾಗೆಯೇ ಉಳಿದವು. ಏನು ಮಾಡಿದ್ದೇವೆ ಎಂಬ ದಾಖಲೆಯೂ ಉಳಿಯಿತು.

ಮೂಲ ಅಂಕಿಗಳನ್ನು ಉಳಿಸಿಕೊಳ್ಳುವ ಈ ಶಿಸ್ತು ಪೀಣ್ಯದಲ್ಲಿ ಇಂದಿಗೂ ನೋಡಸಿಗುತ್ತದೆ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನದ ನೌಕೆ ವಿಕ್ರಮ್ ಚಂದ್ರನ ಮೇಲಿಳಿದದ್ದನ್ನು ನಿರ್ವಹಿಸಿದ್ದು ಪೀಣ್ಯದ ಇಸ್ಟ್ರ್ಯಾಕ್ ಕೇಂದ್ರ, ನಾಗಸಂದ್ರ ಮೆಟ್ರೊ ನಿಲ್ದಾಣದಿಂದ ಕೆಲವೇ ಕಿಲೋಮೀಟರ್. ಪತ್ರಿಕೆಗಳಿಗೆ ಬಂದ ಚಂದ್ರನ ಚಿತ್ರಗಳು ಕಣ್ಣಿಗೆ ಹದವಾಗಿದ್ದವು. ಆದರೆ ಬ್ಯಾಲಾಳುವಿನ ದತ್ತಾಂಶ ಕೇಂದ್ರ ನಡೆಸುವ ಪ್ರದಾನ್ ಜಾಲತಾಣದಲ್ಲಿ ಚಂದ್ರಯಾನದ ಚಿತ್ರಗಳು ಕಚ್ಚಾ ರೂಪದಲ್ಲೂ ಅಳತೆಗೆ ಸರಿಹೊಂದಿಸಿದ ರೂಪದಲ್ಲೂ ಬೇರೆಬೇರೆಯಾಗಿ ಸಿಗುತ್ತವೆ. ದಕ್ಷಿಣ ಧ್ರುವದ ಹತ್ತಿರ ಸೂರ್ಯ ದಿಗಂತಕ್ಕೆ ಅಂಟಿಕೊಂಡಿರುವುದರಿಂದ ನೆರಳುಗಳು ಉದ್ದ. ಯಾರು ಬೇಕಾದರೂ ಆ ಕಡತ ಇಳಿಸಿಕೊಂಡು ನೆರಳಿನ ಕಡೆ ಕರ್ವ್ ಎತ್ತಿ ನೋಡಬಹುದು, ಇನ್ನೊಬ್ಬರು ಮೂಲಕ್ಕೆ ಮರಳಿ ಬೇರೆ ಕರ್ವ್ ಎಳೆಯಬಹುದು.

ನಮ್ಮ ಮನೆಗಳ ಹಳೆಯ ಫೋಟೊಗಳಿಗೂ ಇದೇ ಪದ್ಧತಿ ಬರಬೇಕು. ಎಪ್ಪತ್ತು ಎಂಬತ್ತರ ದಶಕದ ಮದುವೆಯ ಕಲರ್ ಪ್ರಿಂಟ್‌ಗಳಲ್ಲಿ ನೀಲಿಹಸಿರು ಬಣ್ಣದ್ರವ್ಯ ಮೊದಲು ಮಾಸಿ ಇಡೀ ಚಿತ್ರ ಕೆಂಪಡರಿದ್ದು ಸಾಮಾನ್ಯ. ಅದನ್ನು 16 ಬಿಟ್‌ನಲ್ಲಿ ಸ್ಕ್ಯಾನ್ ಮಾಡಿ, ಕರ್ವ್ ಎಳೆಯದ ಕಡತವೊಂದನ್ನು ಪ್ರತ್ಯೇಕವಾಗಿ ಇಟ್ಟು, ಆಮೇಲೆ ಕೆಂಪಿನ ಕರ್ವ್‌ನ ಬುಡದ ಬಿಂದುವನ್ನು ಒಳಕ್ಕೆ ಸರಿಸಿದರೆ ಕೂದಲು ಮತ್ತೆ ಕಪ್ಪಾಗುತ್ತದೆ, ಸೀರೆಯ ಅಂಚಿನ ಹಸಿರು ಮೂಡುತ್ತದೆ. ಬಿಳಿ ಪಂಚೆಯ ನೆರಿಗೆಗಳಲ್ಲಿದ್ದ ಬಣ್ಣದ್ರವ್ಯ ಪೂರ್ತಿ ಹೋಗಿದ್ದರೆ ಅಲ್ಲಿ ಯಾವ ಕರ್ವ್ ಎಳೆದರೂ ನೆರಿಗೆ ಬರುವುದಿಲ್ಲ. ಆದರೆ ಮೂಲ ಸ್ಕ್ಯಾನ್ ಉಳಿಸಿದವರಿಗೆ ಮಾತ್ರ ಅದು ಕಾಲ ಅಳಿಸಿದ್ದೋ, ತಿದ್ದಿದವರ ಕೈ ಅಳಿಸಿದ್ದೋ ಎಂದು ಹೇಳಲು ಸಾಧ್ಯ.