ಮೊಲೆಂ ಅರಣ್ಯವೂ ಜವಾಬ್ದಾರಿ ಸರ್ಕಾರದ ತತ್ತ್ವವೂ

ಮೈಸೂರು ಸಂಸ್ಥಾನದ ಪ್ರಜೆಗಳು 1947ರಲ್ಲಿ ಅರಸರ ಮುಂದಿರಿಸಿದ ಬೇಡಿಕೆಗೆ ‘ಜವಾಬ್ದಾರಿ ಸರ್ಕಾರ’ ಎಂಬ ಹೆಸರು ನಾಡಿನ ನಾಲಗೆಯ ಮೇಲೆ ನಿಂತಿತು. ಆ ವರ್ಷ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದ ಮೇಲೆ ಆ ಮಾತು ಬಳಕೆಯಿಂದ ಸವೆದುಹೋಯಿತಾದರೂ ಅದರ ಮೂಲಾರ್ಥವು ಇಂದಿಗೂ ವಿಚಾರಾರ್ಹವಾಗಿದೆ. ‘ಜವಾಬು’ ಎಂದರೆ ಉತ್ತರ. ಉತ್ತರ ಕೊಡುವ ಕಟ್ಟಿಗೆ ಒಳಪಟ್ಟ ಸರ್ಕಾರವೇ ಜವಾಬ್ದಾರಿ ಸರ್ಕಾರ. ನಮ್ಮ ಹಳೆಯ ‘ಹೊಣೆ’ ಎಂಬ ಶಬ್ದಕ್ಕಾದರೋ ಜಾಮೀನು ಎಂಬ ಅರ್ಥವುಂಟು. ಒಬ್ಬನ ಪರವಾಗಿ ಇನ್ನೊಬ್ಬನು ನಿಂತು, ಕೊರತೆ ಬಿದ್ದರೆ ತಾನು ತುಂಬಿಕೊಡುವೆನೆಂದು ಒಪ್ಪುವುದು. ಚುನಾಯಿತ ನಾಯಕನಲ್ಲಿ ಈ ಎರಡೂ ಅರ್ಥಗಳು ಕೂಡಿಬರಬೇಕು: ಕೇಳಿದಾಗ ಉತ್ತರಿಸಬೇಕು, ಕೆಟ್ಟಾಗ ಹೊರಬೇಕು. ಪ್ರಶ್ನೆಯನ್ನು ಯಾರ ಮುಂದೆ ಇಡಬೇಕೆಂಬುದೇ ತಿಳಿಯದಂತೆ ಅಧಿಕಾರವು ಹಂಚಿಹೋದಾಗ ಈ ಎರಡು ಧರ್ಮಗಳಿಗೆ ಏನು ಗತಿ ಒದಗುವುದೆಂಬುದನ್ನು ಕನ್ನಡ ನಾಡಿನ ಗಡಿಯಾಚೆಗೇ ಇರುವ ಗೋವೆಯ ಮೊಲೆಂ ಗ್ರಾಮದ ಅರಣ್ಯದ ನಿದರ್ಶನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬೆಳಗಾವಿಯಿಂದ ಪಣಜಿಗೆ ಹೋಗುವ ರಸ್ತೆಯು ಅನಮೋಡ ಘಟ್ಟವನ್ನಿಳಿದು ಮೊದಲು ಮುಟ್ಟುವ ಊರು ಮೊಲೆಂ. ಅದರ ಸುತ್ತಲಿನ ಭಗವಾನ್ ಮಹಾವೀರ ಅಭಯಾರಣ್ಯವೂ ಮೊಲೆಂ ರಾಷ್ಟ್ರೀಯ ಉದ್ಯಾನವೂ ಸೇರಿ ಸುಮಾರು 240 ಚದರ ಕಿಲೋಮೀಟರು ವಿಸ್ತಾರವುಳ್ಳವು. ದೂಧಸಾಗರ ಜಲಪಾತವು ಈ ಅರಣ್ಯದೊಳಗೇ ಧುಮ್ಮಿಕ್ಕುತ್ತದೆ; ತಾಂಬ್ಡಿ ಸುರ್ಲಾದ ಮಹಾದೇವ ದೇವಾಲಯವು ಇದರ ಮಡಿಲಲ್ಲೇ ಇದೆ. ಆ ಗುಡಿಯು ಗೋವೆಯ ಕದಂಬರ ಕಾಲದ್ದು. ಇಂದಿನ ಖಾನಾಪುರ ತಾಲ್ಲೂಕಿನ ಹಲಸಿಯನ್ನು, ಎಂದರೆ ಅಂದಿನ ಪಲಸಿಗೆಯನ್ನು, ತಮ್ಮ ಎರಡನೆಯ ನೆಲೆಯನ್ನಾಗಿ ಮಾಡಿಕೊಂಡು ಕನ್ನಡದಲ್ಲಿಯೂ ಶಾಸನಗಳನ್ನು ಬರೆಯಿಸಿದ ಆ ಅರಸರಿಗೆ ಘಟ್ಟದ ಮೇಲೂ ಕೆಳಗೂ ಒಂದೇ ನಾಡಾಗಿದ್ದಿತು. ಹುಲಿಗೆ ಈಗಲೂ ಅದು ಒಂದೇ ನಾಡು.

ಈ ಅರಣ್ಯವನ್ನು ಸೀಳಿಕೊಂಡು ಹೋಗುವ ಮೂರು ಯೋಜನೆಗಳು ಏಕಕಾಲದಲ್ಲಿ ರೂಪುಗೊಂಡವು: ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ರೈಲುಮಾರ್ಗದ ಜೋಡಿ ಹಳಿ, ಅನಮೋಡ–ಮೊಲೆಂ ಹೆದ್ದಾರಿಯ ಚತುಷ್ಪಥ, ಮತ್ತು 400 ಕಿಲೋವೋಲ್ಟ್ ವಿದ್ಯುತ್ ಮಾರ್ಗ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 29 ಮತ್ತು 35ನೆಯ ಪ್ರಕರಣಗಳ ಪ್ರಕಾರ, ಅಭಯಾರಣ್ಯದಲ್ಲಾಗಲಿ ರಾಷ್ಟ್ರೀಯ ಉದ್ಯಾನದಲ್ಲಾಗಲಿ ವನ್ಯಜೀವಿಗಳ ಅಭ್ಯುದಯಕ್ಕೂ ಉತ್ತಮ ನಿರ್ವಹಣೆಗೂ ಅವಶ್ಯವೆಂದು ಮನಗಂಡಲ್ಲದೆ ಅವುಗಳ ನೆಲೆಯನ್ನು ಕೆಡಿಸಲು ಅನುಮತಿ ಕೊಡತಕ್ಕದ್ದಲ್ಲ. ಈ ನಿಬಂಧನೆಗೆ ಕಾವಲಾಗಿ 2002ರ ತಿದ್ದುಪಡಿಯು ರಾಷ್ಟ್ರೀಯ ವನ್ಯಜೀವಿ ಮಂಡಲಿಯನ್ನು ನಿರ್ಮಿಸಿತು. ಪ್ರಧಾನಮಂತ್ರಿಗಳು ಅದರ ಅಧ್ಯಕ್ಷರು. ವಾಸ್ತವದಲ್ಲಿ ನಿರ್ಣಯಗಳನ್ನು ಕೈಗೊಳ್ಳುವುದು ಮಾತ್ರ ಪರಿಸರ ಸಚಿವರು ನಡೆಸುವ ಸ್ಥಾಯೀ ಸಮಿತಿ. ಆ ಸಮಿತಿಯು 2019ರ ಡಿಸೆಂಬರಿನಲ್ಲಿ ರೈಲುಹಳಿಗೆ ಒಪ್ಪಿಗೆಯಿತ್ತಿತು. ಉಳಿದೆರಡಕ್ಕೆ ಒಪ್ಪಿಗೆ ದೊರೆತದ್ದು 2020ರ ಏಪ್ರಿಲ್ 7ರಂದು, ದೇಶವೆಲ್ಲ ಬಾಗಿಲಿಕ್ಕಿಕೊಂಡು ಕುಳಿತಿದ್ದ ದಿನಗಳಲ್ಲಿ, ದೂರದೃಶ್ಯದ ಮೂಲಕ ನಡೆದ ಸಭೆಯಲ್ಲಿ.

ಈ ದಿನಾಂಕಗಳ ಮಹತ್ತ್ವವನ್ನು ಅರಿಯಲು 1948ರ ನವೆಂಬರ್ 4ರಂದು ಡಾ. ಅಂಬೇಡ್ಕರರು ಸಂವಿಧಾನ ರಚನಾಸಭೆಯಲ್ಲಿ ಮಾಡಿದ ಭಾಷಣವನ್ನು ನೆನೆಯಬೇಕು. ಸರ್ಕಾರದ ಜವಾಬ್ದಾರಿಯನ್ನು ಒರೆಗೆ ಹಚ್ಚುವ ಎರಡು ವಿಧಾನಗಳನ್ನು ಅವರು ಅಲ್ಲಿ ವಿಂಗಡಿಸಿ ತೋರಿಸಿದರು. ಚುನಾವಣೆಯ ಹೊತ್ತಿಗೆ ಮತದಾರರು ನಡೆಸುವುದು ಒಂದು, ನಿಯತಕಾಲಿಕವಾದ ಪರೀಕ್ಷೆ. ಪ್ರಶ್ನೆ, ನಿಲುವಳಿ, ಗೊತ್ತುವಳಿ, ಚರ್ಚೆಗಳಿಂದ ಶಾಸನಸಭೆಯ ಸದಸ್ಯರು ನಡೆಸುವುದು ಇನ್ನೊಂದು, ದೈನಂದಿನವಾದ ಪರೀಕ್ಷೆ. ನಮ್ಮ ಸಂವಿಧಾನವು ಸ್ಥಿರತೆಗಿಂತ ಜವಾಬ್ದಾರಿಗೆ ಹೆಚ್ಚು ಬೆಲೆ ಕೊಟ್ಟು ಸಂಸದೀಯ ಪದ್ಧತಿಯನ್ನು ಆರಿಸಿಕೊಂಡದ್ದು ಈ ದೈನಂದಿನ ಪರೀಕ್ಷೆಯ ಬಲವನ್ನು ನಂಬಿ. ಆದರೆ 2020ರ ಮಾರ್ಚ್ 23ರಂದು ಸಂಸತ್ತು ಅನಿರ್ದಿಷ್ಟ ಕಾಲಕ್ಕೆ ಮುಂದಕ್ಕೆ ಹೋಗಿದ್ದಿತು. ಸೆಪ್ಟೆಂಬರಿನಲ್ಲಿ ಮತ್ತೆ ಸೇರಿದಾಗ ಪ್ರಶ್ನೋತ್ತರ ವೇಳೆಯೇ ಇರಲಿಲ್ಲ. ಎಂದ ಮೇಲೆ, ಯಾವ ಪರೀಕ್ಷೆಯನ್ನು ನಂಬಿ ಪದ್ಧತಿಯನ್ನು ಕಟ್ಟಲಾಗಿತ್ತೋ ಆ ಪರೀಕ್ಷೆಯು ನಿಂತಿದ್ದಾಗ, ಐದು ವರ್ಷಕ್ಕೊಮ್ಮೆ ಬರುವ ಇನ್ನೊಂದು ಪರೀಕ್ಷೆಯಿಂದ ಸರಿಪಡಿಸಲಾಗದಂಥ ನಿರ್ಣಯವನ್ನು ಕೈಗೊಳ್ಳಲಾಯಿತು. ಸೋತ ಪಕ್ಷವು ಮರಳಿ ಗೆಲ್ಲಬಹುದು. ಕಡಿದ ಘಟ್ಟದ ಕಾಡು ಒಂದು ಚುನಾವಣೆಯ ಅವಧಿಯಲ್ಲಿ ಮರಳಿ ಬೆಳೆಯದು. ಯಾವ ಕಾರ್ಯದ ಫಲವನ್ನು ಹಿಂದೆಗೆಯಲು ಬಾರದೋ ಅಂತಹ ಕಾರ್ಯದಲ್ಲಿ ಉತ್ತರವನ್ನು ಮುಂಚಿತವಾಗಿಯೇ ಕೊಡಬೇಕಾಗುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಭೆಯಲ್ಲಿ ಕೇಳಲಾಗದ ಪ್ರಶ್ನೆಯನ್ನು ಗೋವೆಯ ಜನರು ಬೀದಿಯಲ್ಲಿ ಕೇಳಿದರು. ‘ಆಮ್ಚೆಂ ಮೊಲೆಂ’, ನಮ್ಮ ಮೊಲೆಂ, ಎಂಬ ಘೋಷವು ವಿಜ್ಞಾನಿಗಳನ್ನೂ ವಿದ್ಯಾರ್ಥಿಗಳನ್ನೂ ಕಲಾವಿದರನ್ನೂ ಒಂದುಗೂಡಿಸಿತು. 2020ರ ನವೆಂಬರ್ 1ರ ರಾತ್ರಿ ಚಾಂದೋರ್ ಗ್ರಾಮದ ರೈಲುಹಾದಿಯ ಬಳಿ ಸಾವಿರಾರು ಮಂದಿ ದೀಪ ಹಿಡಿದು, ಹಾಡುತ್ತ, ಬೆಳಗಿನ ಜಾವದವರೆಗೆ ನಿಂತಿದ್ದರು. ಅವರ ಸಂಶಯವು ಮುಖ್ಯವಾಗಿ ಕಲ್ಲಿದ್ದಲಿನದು: ಮರ್ಮಗೋವಾ ಬಂದರಿನಲ್ಲಿಳಿದು ಘಟ್ಟವೇರಿ ಬರುವ ಕಲ್ಲಿದ್ದಲಿಗಾಗಿಯೇ ಎರಡನೆಯ ಹಳಿಯೆಂದು ಅವರು ಹೇಳಿದರು. ಇಲ್ಲಿ ಕನ್ನಡ ವಾಚಕರು ಸ್ವಲ್ಪ ನಿಂತು ಯೋಚಿಸಬೇಕು. ಆ ಕಲ್ಲಿದ್ದಲು ಬರುವುದು ಎಲ್ಲಿಗೆ? ನಮ್ಮ ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕುಲುಮೆಗಳಿಗೆ. ಆ ರೈಲುಮಾರ್ಗವನ್ನು ನಡೆಸುವ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವುದು ಹುಬ್ಬಳ್ಳಿಯಲ್ಲಿ. ಹೊಸ ವಿದ್ಯುತ್ ಮಾರ್ಗವು ಹೊರಡುವುದು ಧಾರವಾಡದ ಮಗ್ಗುಲಿನ ನರೇಂದ್ರದಿಂದ. ಕುಲುಮೆಯ ಲಾಭವು ಒಂದು ರಾಜ್ಯಕ್ಕೆ, ಕಾಡಿನ ನಷ್ಟವು ಇನ್ನೊಂದಕ್ಕೆ, ಅನುಮತಿಯು ದೆಹಲಿಯಿಂದ. ಸಂವಿಧಾನದ 75 ಮತ್ತು 164ನೆಯ ಅನುಚ್ಛೇದಗಳು ಹೇಳುವ ಸಾಮೂಹಿಕ ಜವಾಬ್ದಾರಿಯು ಆಯಾ ಮಂತ್ರಿಮಂಡಲಕ್ಕೂ ಅದರ ಸಭೆಗೂ ನಡುವಣ ಸಂಬಂಧವಾದುದರಿಂದ, ಈ ಮೂವರಲ್ಲಿ ಪ್ರತಿಯೊಬ್ಬರೂ ಉಳಿದಿಬ್ಬರತ್ತ ಬೆರಳು ತೋರಿಸಿ ಮೌನವಾಗಿರಲು ಅವಕಾಶವಾಗುತ್ತದೆ.

ಕೊನೆಗೆ ಉತ್ತರವನ್ನು ಹೊರಡಿಸಿದ್ದು ನ್ಯಾಯಾಲಯ. ಗೋವಾ ಫೌಂಡೇಶನ್ ಎಂಬ ಪರಿಸರ ಸಂಸ್ಥೆಯ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯದ ಕೇಂದ್ರೀಯ ಅಧಿಕಾರಯುತ ಸಮಿತಿಯು 2021ರ ಏಪ್ರಿಲಿನಲ್ಲಿ ವರದಿಯಿತ್ತು, 37 ಅಡಿಗೆ ಒಂದಡಿ ಏರುವ ಈ ಘಟ್ಟದ ಹಾದಿಯಲ್ಲಿ ಹಳಿಯನ್ನು ಜೋಡಿ ಮಾಡುವುದರಿಂದ ಸಾಮರ್ಥ್ಯವು ಅತ್ಯಲ್ಪವಾಗಿ ಮಾತ್ರ ಹೆಚ್ಚುವುದೆಂದೂ, ನಾಶವನ್ನು ಸಮರ್ಥಿಸಲು ಅದು ಸಾಲದೆಂದೂ ಅಭಿಪ್ರಾಯಪಟ್ಟಿತು; ವಿದ್ಯುತ್ ಮಾರ್ಗವನ್ನು ಹೊಸದಾಗಿ ಕಾಡು ಕಡಿಯದೆ ಹಿಂದೆಯೇ ಇದ್ದ ತಂತಿಯ ದಾರಿಯಲ್ಲಿ ಒಯ್ಯಬೇಕೆಂದಿತು. 2022ರ ಮೇ 9ರಂದು ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಅವರಿದ್ದ ಪೀಠವು ರೈಲುಹಳಿಗೆ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದುಪಡಿಸಿತು.

ನ್ಯಾಯಾಲಯದ ಈ ಕಾರ್ಯಕ್ಕೆ ಕೃತಜ್ಞರಾಗಿರುವುದು ಯುಕ್ತವೇ ಸರಿ. ಆದರೂ ಅದರಿಂದ ರಾಜಕೀಯ ಜವಾಬ್ದಾರಿಯು ಸಂದಾಯವಾಯಿತೆಂದು ಭಾವಿಸಲಾಗದು. ನ್ಯಾಯಾಲಯವು ನಿರ್ಣಯವನ್ನು ರದ್ದುಮಾಡಬಲ್ಲುದು. ನಿರ್ಣಯ ಮಾಡಿದವರನ್ನು ಎದುರಿಗೆ ನಿಲ್ಲಿಸಿ ಏತಕ್ಕೆ ಹೀಗೆ ಮಾಡಿದಿರೆಂದು ಕೇಳುವುದು ಪ್ರಜಾಪ್ರತಿನಿಧಿಗಳ ಕೆಲಸ. ಘಟ್ಟದ ಮೇಲಣ ಕಾಳಿ ಅರಣ್ಯವು 2007ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿದೆ. ಅದಕ್ಕೆ ತಾಗಿಕೊಂಡ ಗೋವೆಯ ಕಾಡಿಗೆ ಆ ಸ್ಥಾನ ಸಲ್ಲಲಿಲ್ಲ. ಮೊಲೆಂನ ಉತ್ತರಕ್ಕಿರುವ ಮಹಾದಾಯಿ ಅಭಯಾರಣ್ಯದಲ್ಲಿ 2020ರ ಜನವರಿಯಲ್ಲಿ ನಾಲ್ಕು ಹುಲಿಗಳು ವಿಷಕ್ಕೆ ಸತ್ತವು. ಈ ಕಾಡುಗಳನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಸಾರುವ ಅಧಿಸೂಚನೆಯನ್ನು ಮೂರು ತಿಂಗಳೊಳಗೆ ಹೊರಡಿಸಬೇಕೆಂದು 2023ರ ಜುಲೈನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಗೋವಾ ಪೀಠವು ಆಜ್ಞಾಪಿಸಿದಾಗ ರಾಜ್ಯ ಸರ್ಕಾರವು ಮೇಲ್ಮನವಿಯ ಮಾರ್ಗವನ್ನು ಹಿಡಿಯಿತು. ಮೇಲ್ಮನವಿ ಹೂಡುವುದು ಸರ್ಕಾರದ ಹಕ್ಕು. ಅದರ ಕಾರಣವನ್ನು ಸಭೆಯಲ್ಲಿ ವಿವರಿಸುವುದು ಅದರ ಹೊಣೆ.

2022ರ ತೀರ್ಪಿನಲ್ಲಿ ಇನ್ನೊಂದು ವಾಕ್ಯವುಂಟು. ಜೀವವೈವಿಧ್ಯದ ಮೇಲಾಗುವ ಪರಿಣಾಮವನ್ನು ವಿಶದವಾಗಿ ಅಧ್ಯಯನ ಮಾಡಿ ರೈಲ್ವೆಯವರು ಸ್ಥಾಯೀ ಸಮಿತಿಗೆ ಹೊಸದಾಗಿ ಪ್ರಸ್ತಾವವನ್ನು ಸಲ್ಲಿಸಬಹುದೆಂದು ಅದು ಬಾಗಿಲನ್ನು ತೆರೆದಿರಿಸಿದೆ. ಅಂತಹ ಪ್ರಸ್ತಾವವು ಬಂದ ದಿನ ಗೋವೆಯ ಸದಸ್ಯರು ಪಣಜಿಯಲ್ಲಿ ಪ್ರಶ್ನೆ ಕೇಳುವರು; ಕ್ಯಾಸಲ್‌ರಾಕ್ ಇರುವುದು ನಮ್ಮ ಜೊಯಿಡಾ ತಾಲ್ಲೂಕಿನಲ್ಲಿ, ಕಲ್ಲಿದ್ದಲು ಇಳಿಯುವುದು ತೋರಣಗಲ್ಲಿನಲ್ಲಿ ಆದುದರಿಂದ, ಅದೇ ಪ್ರಶ್ನೆಯನ್ನು ಬೆಂಗಳೂರಿನ ವಿಧಾನಸೌಧದಲ್ಲಿ ಎತ್ತುವ ಅಧಿಕಾರವೂ ಕರ್ತವ್ಯವೂ ನಮ್ಮ ಪ್ರತಿನಿಧಿಗಳಿಗೆ ಅಷ್ಟೇ ಮಟ್ಟಿಗೆ ಇವೆ.